ಶೇ 0.3ರ ಗೆರೆ: ಅಮೆರಿಕದ ಹೆಂಪ್ ಕಾನೂನು ಗೋಜಲಾದ ಬಗೆ

ಹೆಂಪ್ ಮತ್ತು ಗಾಂಜಾ ಬೇರೆ ಬೇರೆ ಗಿಡಗಳಲ್ಲ. ಎರಡೂ ಕ್ಯಾನಬಿಸ್. ಅಮಲೇರಿಸುವ ಟಿಎಚ್‌ಸಿ ಜಾಸ್ತಿ ಇದ್ದರೆ ಗಾಂಜಾ, ತೀರಾ ಕಡಿಮೆ ಇದ್ದರೆ ಹೆಂಪ್. ಸಿಬಿಡಿ ಇದೇ ಗಿಡದ ಇನ್ನೊಂದು ಅಂಶ, ಅದರಿಂದ ಅಮಲೇರುವುದಿಲ್ಲ.

ಅಮೆರಿಕದಲ್ಲಿ 1937ರ ತೆರಿಗೆ ಕಾಯ್ದೆ ಗಾಂಜಾ ಜೊತೆಗೆ ಹೆಂಪ್ ಬೆಳೆಯನ್ನೂ ಸೊರಗಿಸಿತು. 1942ರಲ್ಲಿ ಯುದ್ಧಕ್ಕೆ ಹಗ್ಗ ಬೇಕಾದಾಗ ಅದೇ ಸರ್ಕಾರ ಹೆಂಪ್ ಬೆಳೆಯಿರಿ ಎಂದು ರೈತರ ಬೆನ್ನು ಬಿತ್ತು. 1970ರ ಕಾಯ್ದೆ ಗಿಡವನ್ನು ಹೆರಾಯಿನ್ ಇರುವ ಪಟ್ಟಿಗೇ ಸೇರಿಸಿತು.

ಒಣಗಿದ ಗಿಡದ ತೂಕದಲ್ಲಿ ಟಿಎಚ್‌ಸಿ ಶೇ 0.3 ಮೀರದಿದ್ದರೆ ಹೆಂಪ್, ಮೀರಿದರೆ ಗಾಂಜಾ. ಈಗ ಎಲ್ಲರ ಬಾಯಲ್ಲಿರುವ ಈ ಗೆರೆ ಬಂದದ್ದು ಸಂಸತ್ತಿನಿಂದಲ್ಲ. 1976ರಲ್ಲಿ ಅರ್ನೆಸ್ಟ್ ಸ್ಮಾಲ್, ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಗಿಡಗಳನ್ನು ವಿಂಗಡಿಸಲು ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ಎಳೆದರು. ಅದು ತಮ್ಮ ಅನುಕೂಲಕ್ಕೆ ಆರಿಸಿಕೊಂಡ ಅಂಕಿ ಎಂದು ಅವರೂ ಮುಚ್ಚಿಟ್ಟಿರಲಿಲ್ಲ. 2014ರ ಕೃಷಿ ಕಾಯ್ದೆ ಪ್ರಯೋಗದ ಬೆಳೆಗೆ ಒಪ್ಪಿಗೆ ಕೊಟ್ಟಾಗ ಈ ಅಂಕಿಯನ್ನೇ ಎತ್ತಿಕೊಂಡಿತು.

ನಿಜವಾದ ಗೋಜಲು ಶುರುವಾದದ್ದು 2018ರ ಡಿಸೆಂಬರ್ 20ರಂದು. ಹೊಸ ಕೃಷಿ ಕಾಯ್ದೆಗೆ ಸಹಿ ಬಿತ್ತು, ಹೆಂಪ್ ಮಾದಕ ವಸ್ತುಗಳ ಪಟ್ಟಿಯಿಂದ ಹೊರಬಂತು. ಅದೇ ದಿನ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಒಂದು ಹೇಳಿಕೆ ಕೊಟ್ಟಿತು: ಸಿಬಿಡಿಯನ್ನು ತಿನಿಸಿಗೆ ಸೇರಿಸಿ ಮಾರುವಂತಿಲ್ಲ. ಕಾರಣ, ಸಿಬಿಡಿಯಿಂದ ಮಾಡಿದ ಎಪಿಡಿಯೋಲೆಕ್ಸ್ ಎಂಬ ಫಿಟ್ಸ್ ಔಷಧಿಗೆ ಆ ವರ್ಷ ಜೂನ್‌ನಲ್ಲೇ ಅನುಮತಿ ಸಿಕ್ಕಿತ್ತು. ಔಷಧಿಯಾದದ್ದು ಸುಮ್ನೆ ಪೌಷ್ಟಿಕ ಮಾತ್ರೆಯಾಗಲು ಅಲ್ಲಿನ ಕಾನೂನು ಬಿಡುವುದಿಲ್ಲ. ಬೆಳೆಯಬಹುದು, ಎಣ್ಣೆ ತೆಗೆಯಬಹುದು, ಬಿಸ್ಕತ್ತಿಗೆ ಹಾಕಬಾರದು. ಅಂಗಡಿಗಳು ಹಾಕಿ ಮಾರಿದವು. ಎಚ್ಚರಿಕೆ ಪತ್ರಗಳು ಹೋದವು, ಮಾರಾಟ ನಿಲ್ಲಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ, 2023ರ ಜನವರಿಯಲ್ಲಿ, ಇರುವ ನಿಯಮಗಳು ಸಿಬಿಡಿಗೆ ಹೊಂದುವುದಿಲ್ಲ, ಸಂಸತ್ತೇ ದಾರಿ ಹುಡುಕಲಿ ಎಂದಿತು ಎಫ್‌ಡಿಎ.

ಅಷ್ಟರಲ್ಲಿ ಜನ ಬೇರೆ ಸಂದಿ ಹುಡುಕಿದ್ದರು. ಟಿಎಚ್‌ಸಿಯಲ್ಲಿ ಹಲವು ಬಗೆಗಳಿವೆ, ಕಾಯ್ದೆ ಹೆಸರಿಸಿದ್ದು ಡೆಲ್ಟಾ-9 ಎಂಬ ಬಗೆಯನ್ನು ಮಾತ್ರ. ರೈತರು ಮುಗಿಬಿದ್ದು ಬೆಳೆದು ಸಿಬಿಡಿ ಬೆಲೆ ಕುಸಿದಿತ್ತು. ಮಿಕ್ಕ ಸಿಬಿಡಿಯನ್ನು ಆಮ್ಲದ ಜೊತೆ ಬೆರೆಸಿ ಡೆಲ್ಟಾ-8 ಎಂಬ ಇನ್ನೊಂದು ಬಗೆಯ ಟಿಎಚ್‌ಸಿ ಮಾಡಿದರು. ಇದಕ್ಕೂ ಅಮಲಿದೆ, ಆದರೆ ಕಾಯ್ದೆಯಲ್ಲಿ ಇದರ ಹೆಸರಿಲ್ಲ. 2022ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ, ಕಾಯ್ದೆಯ ಮಾತುಗಳನ್ನು ಇದ್ದಂತೆ ಓದಿದರೆ ಇದೂ ಹೆಂಪೇ ಎಂದಿತು.

ಇನ್ನೊಂದು ಸಂದಿ ಬರೀ ಲೆಕ್ಕದ್ದು. ಒಣಗಿದ ಹೂವಿನಲ್ಲಿ ಶೇ 0.3 ಅಂದರೆ ಏನೂ ಅಲ್ಲ. ಆದರೆ ಐದು ಗ್ರಾಂ ತೂಗುವ ಒಂದು ಗಮ್ಮಿ ಮಿಠಾಯಿಯಲ್ಲಿ ಅದು 15 ಮಿಲಿಗ್ರಾಂ. ಹೊಸಬರಿಗೆ ತಲೆ ತಿರುಗಲು ಅಷ್ಟು ಧಾರಾಳ ಸಾಕು. ಗಿಡ ಅಳೆಯುವ ಕೋಲಿನಿಂದ ಮಿಠಾಯಿ ಅಳೆದರೆ ಹೀಗೇ ಆಗುವುದು, ಅಲ್ವಾ?

2025ರ ನವೆಂಬರ್‌ನಲ್ಲಿ, ಹಣ ಮಂಜೂರಾಗದೆ ಮುಚ್ಚಿದ್ದ ಸರ್ಕಾರದ ಕಚೇರಿಗಳ ಬಾಗಿಲು ತೆರೆಸಿದ ಖರ್ಚಿನ ಮಸೂದೆಯೊಳಗೇ ಹೆಂಪ್‌ಗೆ ಹೊಸ ವ್ಯಾಖ್ಯೆ ಬಂತು. ಇನ್ನು ಎಲ್ಲ ಬಗೆಯ ಟಿಎಚ್‌ಸಿಯೂ ಲೆಕ್ಕಕ್ಕೆ. ಪ್ರಯೋಗಾಲಯದಲ್ಲಿ ತಯಾರಿಸಿದ್ದು ಹೆಂಪ್ ಅಲ್ಲ. ಮಾರುವ ಡಬ್ಬಿಗೆ ಒಟ್ಟು 0.4 ಮಿಲಿಗ್ರಾಂ ಮಿತಿ. ಜಾರಿಗೆ ಒಂದು ವರ್ಷದ ಗಡುವು. ಈ ಮಿತಿ ಸಣ್ಣ ಬಾಟಲಿ, ದೊಡ್ಡ ಬಾಟಲಿ ಎಂದು ನೋಡುವುದಿಲ್ಲ. ಹಾಗಾಗಿ ಗಿಡದ ಚೂರುಪಾರು ಟಿಎಚ್‌ಸಿ ಉಳಿದಿರುವ, ಅಮಲೇ ಏರಿಸದ ಎಷ್ಟೋ ಸಿಬಿಡಿ ಎಣ್ಣೆಗಳೂ ಗಮ್ಮಿಯ ಜೊತೆಗೇ ಗೆರೆಯ ಆಚೆ ಬಿದ್ದಿವೆ.