ಸಿಗರೇಟ್ ಕಂಪನಿಗಳು ಗಿರಾಕಿಗಳನ್ನು ಆರಿಸಿಕೊಂಡವೇ?

ಪ್ರಶ್ನೆ: ಸಿಗರೇಟನ್ನು ಯಾವ ವಯಸ್ಕರು ಬೇಕಾದರೂ ಕೊಳ್ಳಬಹುದು. ಹೀಗಿರುವಾಗ ಅಮೆರಿಕದ ತಂಬಾಕು ಕಂಪನಿಗಳು ಮಹಿಳೆಯರನ್ನೂ ಕಪ್ಪು ವರ್ಣೀಯರನ್ನೂ ಗುರಿ ಮಾಡಿಕೊಂಡವು ಎನ್ನುವುದು ಅತಿಶಯೋಕ್ತಿಯಲ್ಲವೇ?

ಅಲ್ಲ. ಧೂಮಪಾನಿಗಳ ಚಿಕಿತ್ಸೆಯ ವೆಚ್ಚ ಕೇಳಿ ಹೂಡಿದ್ದ ಮೊಕದ್ದಮೆಗಳನ್ನು ಮುಗಿಸಲು 1998ರಲ್ಲಿ 46 ರಾಜ್ಯಗಳೊಂದಿಗೆ ಆದ ಒಪ್ಪಂದದ ನಂತರ ಈ ಕಂಪನಿಗಳ ಲಕ್ಷಾಂತರ ಆಂತರಿಕ ಕಾಗದಪತ್ರಗಳು ಸಾರ್ವಜನಿಕವಾಗಿವೆ. ಯಾವ ಜನರಿಗೆ ಏನು ಹೇಳಿ ಮಾರಬೇಕೆಂಬ ಲೆಕ್ಕಾಚಾರ ಅಲ್ಲಿ ಕಂಪನಿಯವರ ಮಾತಿನಲ್ಲಿಯೇ ಇದೆ.

ಈ ಕೆಲಸ ಶುರುವಾದದ್ದು ಬಹಳ ಹಿಂದೆ. ಹೆಣ್ಣು ಬೀದಿಯಲ್ಲಿ ಸಿಗರೇಟು ಸೇದುವುದು ಮರ್ಯಾದೆಗೇಡು ಎನ್ನುತ್ತಿದ್ದ ಕಾಲದಲ್ಲಿ, 1929ರ ಈಸ್ಟರ್ ಭಾನುವಾರ, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಕೆಲವು ಯುವತಿಯರು ಸಿಗರೇಟು ಹಚ್ಚಿ ನಡೆದರು. ಪತ್ರಿಕೆಗಳು ಅದನ್ನು ಸ್ತ್ರೀ ಸ್ವಾತಂತ್ರ್ಯದ ಸುದ್ದಿಯಾಗಿ ಬರೆದವು. ಅದನ್ನು ಏರ್ಪಡಿಸಿದವರು ಅಮೆರಿಕನ್ ಟೊಬ್ಯಾಕೊ ಕಂಪನಿಯ ಸಂಬಳ ಪಡೆಯುತ್ತಿದ್ದ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್. ಸಿಹಿ ತಿನ್ನುವ ಬದಲು ಸಿಗರೇಟು ಸೇದಿ ಎಂದು ಸಪೂರ ಮೈಕಟ್ಟಿನ ಆಸೆ ತೋರಿಸುವ ಜಾಹೀರಾತುಗಳನ್ನು ಅದೇ ಕಂಪನಿ ಆಗಲೇ ನಡೆಸುತ್ತಿತ್ತು.

1968ರಲ್ಲಿ ಫಿಲಿಪ್ ಮಾರಿಸ್ ಕಂಪನಿ ಮಹಿಳೆಯರಿಗೆಂದೇ 'ವರ್ಜೀನಿಯಾ ಸ್ಲಿಮ್ಸ್' ತಂದಿತು. ಎರಡು ವರ್ಷಗಳ ಬಳಿಕ, ಪುರುಷರಿಗಿಂತ ತೀರ ಕಡಿಮೆ ಬಹುಮಾನ ಕೊಡುತ್ತಿದ್ದ ವ್ಯವಸ್ಥೆಯ ವಿರುದ್ಧ ಬಿಲ್ಲಿ ಜೀನ್ ಕಿಂಗ್ ಮತ್ತಿತರ ಟೆನಿಸ್ ಆಟಗಾರ್ತಿಯರು ಬಂಡೆದ್ದಾಗ, ಅವರ ಪಂದ್ಯಾವಳಿಗೆ ಹಣ ಕೊಟ್ಟಿದ್ದು ಇದೇ ಬ್ರ್ಯಾಂಡ್. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಇಲ್ಲಿ. ಅವರ ಬೇಡಿಕೆ ನ್ಯಾಯವಾಗಿತ್ತು, ನೆರವೂ ನಿಜವಾಗಿತ್ತು. ಆದರೆ ಆ ಗೆಲುವಿನ ಮೇಲೆಲ್ಲ ಸಿಗರೇಟಿನ ಹೆಸರು ಅಚ್ಚಾಯಿತು. 1987ರ ಹೊತ್ತಿಗೆ ಅಮೆರಿಕದ ಮಹಿಳೆಯರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಬಲಿಯಾಗುವವರ ಸಂಖ್ಯೆ ಸ್ತನ ಕ್ಯಾನ್ಸರಿನದನ್ನು ಮೀರಿತು.

ಕಪ್ಪು ವರ್ಣೀಯರ ವಿಷಯದಲ್ಲಿ ಮುಖ್ಯವಾದದ್ದು ಮೆಂಥಾಲ್, ಅಂದರೆ ಸಿಗರೇಟಿಗೆ ಬೆರೆಸುವ ಪುದೀನದ ಸಾರ. ಅದು ಗಂಟಲಿಗೆ ತಂಪೆನಿಸಿ ಹೊಗೆಯ ಉರಿಯನ್ನು ಮರೆಸುತ್ತದೆ. ಇದರಿಂದ ಸೇದಲು ಆರಂಭಿಸುವುದು ಸುಲಭ, ಬಿಡುವುದು ಕಷ್ಟ. 1950ರ ದಶಕದಲ್ಲಿ ಕಪ್ಪು ವರ್ಣೀಯ ಧೂಮಪಾನಿಗಳಲ್ಲಿ ಮೆಂಥಾಲ್ ಸೇದುವವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಈಗ ಸುಮಾರು ಎಂಟು ಮಂದಿ. ಇದು ಹುಟ್ಟಿನಿಂದ ಬಂದ ರುಚಿಯಲ್ಲ. ಅವರ ಬಡಾವಣೆಗಳಲ್ಲಿ ವ್ಯಾನುಗಳಿಂದ ಸಿಗರೇಟನ್ನು ಪುಕ್ಕಟೆಯಾಗಿ ಹಂಚಲಾಯಿತು. ಅವರು ಓದುವ ನಿಯತಕಾಲಿಕಗಳಲ್ಲಿ ಜಾಹೀರಾತು ತುಂಬಿತು. ಜಾಝ್ ಉತ್ಸವಗಳಿಗೂ ಸಮುದಾಯದ ಸಂಘಸಂಸ್ಥೆಗಳಿಗೂ ದೇಣಿಗೆ ಹರಿಯಿತು. ದೇಣಿಗೆ ಪಡೆದ ಸಂಸ್ಥೆ ದಾನಿಯ ವಿರುದ್ಧ ಬಾಯಿ ತೆರೆಯುವುದು ಸುಲಭವಲ್ಲ. ಜಾಹೀರಾತಿಗಿಂತ ನನಗೆ ಅಪಾಯಕಾರಿಯಾಗಿ ಕಾಣುವುದು ಕೊಂಡುಕೊಂಡ ಈ ಮೌನವೇ.

ಆದರೂ ಎಲ್ಲರೂ ಸುಮ್ಮನಿರಲಿಲ್ಲ. 1990ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ಫಿಲಡೆಲ್ಫಿಯಾದ ಕಪ್ಪು ವರ್ಣೀಯರಿಗೆಂದು 'ಅಪ್‌ಟೌನ್' ಎಂಬ ಮೆಂಥಾಲ್ ಸಿಗರೇಟನ್ನು ಸಿದ್ಧಪಡಿಸಿದಾಗ ಅಲ್ಲಿನ ಜನರು ಒಗ್ಗೂಡಿದರು. ಸ್ವತಃ ಕಪ್ಪು ವರ್ಣೀಯ ವೈದ್ಯರಾಗಿದ್ದ ಅಂದಿನ ಆರೋಗ್ಯ ಕಾರ್ಯದರ್ಶಿ ಲೂಯಿಸ್ ಸಲಿವನ್ ಕಂಪನಿಯನ್ನು ಬಹಿರಂಗವಾಗಿ ಖಂಡಿಸಿದರು. ಕೂಡಲೇ ಕಂಪನಿ ಹಿಂದೆ ಸರಿಯಿತು. ಅದೇ ಕಂಪನಿ ಕೆಲವೇ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಲಿಂಗಿಗಳಿಗೂ ಸೂರಿಲ್ಲದವರಿಗೂ ಸಿಗರೇಟು ಮಾರುವ ಯೋಜನೆ ಹಾಕಿಕೊಂಡಿತೆಂದೂ ಆ ಕಾಗದಪತ್ರಗಳು ಹೇಳುತ್ತವೆ.

ಇದು ಹಳೆಯ ಕಥೆ ಎಂದು ಕೈತೊಳೆದುಕೊಳ್ಳುವಂತಿಲ್ಲ. 2009ರ ಅಮೆರಿಕದ ಕಾಯ್ದೆ ಹಣ್ಣು, ಮಿಠಾಯಿಗಳ ರುಚಿಯ ಸಿಗರೇಟುಗಳನ್ನೆಲ್ಲ ನಿಷೇಧಿಸಿ ಮೆಂಥಾಲನ್ನು ಮಾತ್ರ ಬಿಟ್ಟಿತು. ಐರೋಪ್ಯ ಒಕ್ಕೂಟ 2020ರಲ್ಲಿ ಅದನ್ನೂ ನಿಲ್ಲಿಸಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಮಂಡಿಸಿದ ನಿಷೇಧದ ಪ್ರಸ್ತಾವವನ್ನು 2025ರ ಜನವರಿಯಲ್ಲಿ ಹಿಂಪಡೆಯಲಾಯಿತು. ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳು ತಾವಾಗಿಯೇ ಮಾರಾಟ ನಿಲ್ಲಿಸಿವೆ. ಉಳಿದೆಡೆ ಮೆಂಥಾಲ್ ಸಿಗರೇಟು ಈಗಲೂ ಸಿಗುತ್ತದೆ.