ಥರ್ಮಲ್ ಥ್ರಾಟ್ಲಿಂಗ್: ಧೂಳು ತುಂಬಿದ ಕಂಪ್ಯೂಟರ್ ಯಾಕೆ ಕುಂಟುತ್ತದೆ?

ಬೆಂಗಳೂರಿನ ಚಾಮರಾಜಪೇಟೆಯ ಸಣ್ಣ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುವ ಅಕ್ಕ ಒಬ್ಬರು ಏಪ್ರಿಲ್ ತಿಂಗಳಲ್ಲಿ ನನಗೆ ಫೋನ್ ಮಾಡಿದ್ದರು. ಮದುವೆ ಸೀಸನ್. ಲಗ್ನಪತ್ರಿಕೆ ಕೆಲಸ ಒಂದರ ಹಿಂದೊಂದು ಬರುತ್ತಿತ್ತು. "ಬೆಳಿಗ್ಗೆ ಚೆನ್ನಾಗೇ ಓಡುತ್ತೆ ಅಣ್ಣ. ಹನ್ನೊಂದು ಗಂಟೆ ಆದ್ಮೇಲೆ ಮೌಸ್ ಎಳೆದ್ರೂ ಬರಲ್ಲ. ಅಂಗಡಿಯವರು ಹೊಸ ಸಿಸ್ಟಮ್ ತಗೊಂಡ್ಬಿಡಿ ಅಂತಾರೆ" ಅಂದರು. ವೈರಸ್ ಸ್ಕ್ಯಾನ್ ಮಾಡಿಸಿದ್ದಾಗಿತ್ತು. ವಿಂಡೋಸ್ ಹೊಸದಾಗಿ ಹಾಕಿಸಿದ್ದೂ ಆಗಿತ್ತು.

"ಹನ್ನೊಂದು ಗಂಟೆ ಆದ್ಮೇಲೆ" ಅನ್ನುವ ಮಾತಿನಲ್ಲೇ ಸುಳಿವಿತ್ತು. ಬೆಳಿಗ್ಗೆ ಸರಿಯಾಗಿದ್ದು, ಬಿಸಿಲೇರಿ ಕೆಲಸ ಜಾಸ್ತಿಯಾದ ಮೇಲೆ ಕುಂಟುವ ಕಂಪ್ಯೂಟರ್ ಕಂಡರೆ ನಾನು ಮೊದಲು ಸಾಫ್ಟ್‌ವೇರ್ ನೋಡುವುದಿಲ್ಲ. ಸ್ಕ್ರೂಡ್ರೈವರ್ ಹುಡುಕುತ್ತೇನೆ. ಈ ಕುಂಟುವಿಕೆಗೆ ಒಂದು ಹೆಸರಿದೆ: ಥರ್ಮಲ್ ಥ್ರಾಟ್ಲಿಂಗ್.

ಥರ್ಮಲ್ ಅನ್ನುವುದು ನಮಗೆ ಹೊಸ ಪದವಲ್ಲ. ಜ್ವರ ನೋಡುವ ಥರ್ಮಾಮೀಟರ್, ಕಾಫಿ ತುಂಬಿಸುವ ಥರ್ಮಾಸ್ ಎಲ್ಲವೂ ಒಂದೇ ಬೇರಿನವು. ಗ್ರೀಕಿನಲ್ಲಿ ಆ ಬೇರಿಗೆ ಬಿಸಿ, ಕಾವು ಎಂಬ ಅರ್ಥ. ಥ್ರಾಟಲ್ ಮಾತ್ರ ಸ್ವಲ್ಪ ವಿಚಿತ್ರ ಪದ. ಇಂಗ್ಲಿಷಿನಲ್ಲಿ ಥ್ರೋಟ್ ಅಂದರೆ ಗಂಟಲು. ಅದರಿಂದ ಹುಟ್ಟಿದ ಥ್ರಾಟಲ್‌ಗೆ ಮೊದಲ ಅರ್ಥ ಕತ್ತು ಹಿಸುಕುವುದು. ಆಮೇಲೆ ಹಬೆ ಎಂಜಿನ್‌ಗಳು ಬಂದಾಗ, ಎಂಜಿನ್ನಿಗೆ ಹೋಗುವ ಹಬೆಯನ್ನು ಬಿಗಿಹಿಡಿದು ವೇಗ ಇಳಿಸುವ ಕವಾಟಕ್ಕೂ ಅದೇ ಹೆಸರಾಯಿತು. ನಾವು ಬೈಕಿನಲ್ಲಿ ತಿರುಗಿಸುವ ಎಕ್ಸಲರೇಟರ್ ಕೂಡ ಆ ವಂಶದ್ದೇ. ಹಾಗಾಗಿ ಥರ್ಮಲ್ ಥ್ರಾಟ್ಲಿಂಗ್ ಅಂದರೆ, ಬಿಸಿ ಜಾಸ್ತಿಯಾಯಿತೆಂದು ಯಂತ್ರ ತನ್ನ ವೇಗವನ್ನು ತಾನೇ ಬಿಗಿಹಿಡಿಯುವುದು. ಕನ್ನಡದಲ್ಲಿ ನಾನು ಇದಕ್ಕೆ "ಕಾವಿನ ಲಗಾಮು" ಅನ್ನುತ್ತೇನೆ. ಕತ್ತು ಹಿಸುಕುವುದು ಅಂದರೆ ಕೊಲ್ಲುವ ಮಾತಾಯಿತು. ಇಲ್ಲಿ ನಡೆಯುವುದು ಉಳಿಸುವ ಕೆಲಸ. ಕುದುರೆ ಬಿದ್ದುಹೋಗದಿರಲಿ ಅಂತ ಸವಾರ ಲಗಾಮು ಎಳೆಯುವುದಿಲ್ಲವೇ, ಹಾಗೆ.

ಇನ್ನೊಂದು ಪದವನ್ನೂ ಇಲ್ಲೇ ಸರಿಮಾಡಿಕೊಳ್ಳೋಣ. ನಮ್ಮಲ್ಲಿ ಇಡೀ ಡಬ್ಬಕ್ಕೇ "ಸಿಪಿಯು" ಅನ್ನುತ್ತಾರೆ. ಆ ಡಬ್ಬದ ಹೆಸರು ಕ್ಯಾಬಿನೆಟ್. ಸಿಪಿಯು, ಅಂದರೆ ಪ್ರೊಸೆಸರ್, ಒಳಗಿನ ಮದರ್‌ಬೋರ್ಡಿನ ಮೇಲೆ ಕೂತ ಒಂದು ಚಿಪ್ ಮಾತ್ರ. ಲಗಾಮು ಬೀಳುವುದು ಅದಕ್ಕೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೂ ಬೀಳುತ್ತದೆ.

ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ಒಂದು 65 ವ್ಯಾಟ್‌ನದು ಅಂದುಕೊಳ್ಳಿ. ಹಳೇ ಕಾಲದ 60 ವ್ಯಾಟ್ ಬಲ್ಬನ್ನು ಉರಿಯುವಾಗ ಮುಟ್ಟಿದವರಿಗೆ ಆ ಬಿಸಿ ಗೊತ್ತು. ಅಷ್ಟು ಶಾಖ ಇಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಅದನ್ನು ಎಳೆದುಕೊಳ್ಳಲು ಮೇಲೊಂದು ಲೋಹದ ಹೀಟ್‌ಸಿಂಕ್, ಅದರ ಮೇಲೊಂದು ಫ್ಯಾನ್. ಪ್ರೊಸೆಸರಿನ ಒಳಗೇ ತಾಪಮಾನ ನೋಡುವ ಸೆನ್ಸರ್ ಇದೆ. ಇಂಟೆಲ್‌ನ ಬಹಳಷ್ಟು ಪ್ರೊಸೆಸರ್‌ಗಳಿಗೆ ಮಿತಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಎಎಂಡಿಯ ಹಲವು ಪ್ರೊಸೆಸರ್‌ಗಳಿಗೆ 95ರ ಹತ್ತಿರ. ಅಲ್ಲಿಗೆ ಮುಟ್ಟಿದ ಕೂಡಲೇ ಪ್ರೊಸೆಸರ್ ತನ್ನ ಓಟ ಇಳಿಸುತ್ತದೆ, ಜೊತೆಗೆ ವೋಲ್ಟೇಜನ್ನೂ ಇಳಿಸುತ್ತದೆ. ವೋಲ್ಟೇಜ್ ಇಳಿಸುವುದರಲ್ಲಿ ಲಾಭ ದೊಡ್ಡದು. ಉರಿಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ, ತಕ್ಕಂತೆ ಬದಲಾಗುತ್ತದೆ. ವೋಲ್ಟೇಜ್ ಶೇ 10 ಕಡಿಮೆಯಾದರೆ ಅದರಿಂದಲೇ ಸುಮಾರು ಶೇ 19 ಉಳಿತಾಯ. ಇಷ್ಟಾದರೂ ಬಿಸಿ ಏರುತ್ತಲೇ ಹೋದರೆ ಕಂಪ್ಯೂಟರ್ ಪಟ್ಟನೆ ಆಫ್ ಆಗುತ್ತದೆ. 2000ದಲ್ಲಿ ಬಂದ ಪೆಂಟಿಯಂ 4ರಲ್ಲೇ ಈ ತರಹದ ಲಗಾಮು ಇತ್ತು. ಇವತ್ತು ಅದಿಲ್ಲದ ಡೆಸ್ಕ್‌ಟಾಪ್ ಪ್ರೊಸೆಸರ್ ಸಿಗುವುದಿಲ್ಲ.

ಇದರಲ್ಲಿ ಧೂಳಿನ ಪಾತ್ರ ಏನು? ಪ್ರೆಸ್ಸಿನಲ್ಲಿ ಆ ಕ್ಯಾಬಿನೆಟ್ ಬಿಚ್ಚಿದಾಗ ನಾನು ಕಂಡದ್ದನ್ನು ಹೇಳುತ್ತೇನೆ.

ಮೇಲಿಂದ ನೋಡಿದರೆ ಏನೂ ಅನ್ನಿಸುವ ಹಾಗಿರಲಿಲ್ಲ. ಫ್ಯಾನಿನ ರೆಕ್ಕೆಗಳ ಮೇಲೆ ಬೂದಿ ಬಣ್ಣದ ಪುಡಿ, ಅಷ್ಟೇ. ಫ್ಯಾನಿನ ನಾಲ್ಕು ಸ್ಕ್ರೂ ತೆಗೆದು ಅದನ್ನು ಮೇಲೆತ್ತಿದೆ. ಕೆಳಗೆ ಹೀಟ್‌ಸಿಂಕೇ ಕಾಣಲಿಲ್ಲ. ಅದರ ಮೇಲೆ ದುಂಡಗೆ ಕತ್ತರಿಸಿ ಹೊದಿಸಿದ ಕಂಬಳಿ ಚೂರಿನಂತೆ ಧೂಳು ಕೂತಿತ್ತು. ಬೆರಳಿನಿಂದ ಒಂದು ಅಂಚು ಹಿಡಿದೆಳೆದರೆ ಇಡಿಯಾಗಿಯೇ ಎದ್ದು ಬಂತು. ಪೇಪರ್ ಕತ್ತರಿಸುವಾಗ ಹಾರುವ ನವಿರು ಎಳೆ, ಬಟ್ಟೆಯ ನಾರು, ಒಂದೆರಡು ಕೂದಲು, ಊದುಬತ್ತಿ ಹೊಗೆಯ ಜಿಡ್ಡು, ಎಲ್ಲ ಸೇರಿ ಹೆಣೆದ ಕಂಬಳಿ ಅದು. ಹೀಟ್‌ಸಿಂಕಿನ ತಗಡುಗಳ ನಡುವಿನ ಸಂದು ಒಂದೆರಡು ಮಿಲಿಮೀಟರ್ ಮಾತ್ರ. ಗಾಳಿ ಅಲ್ಲಿ ಹಾದರೆ ಮಾತ್ರ ಬಿಸಿ ಹೊರಗೆ ಹೋಗುತ್ತದೆ. ಫ್ಯಾನ್ ಭರ್ರೋ ಅಂತ ತಿರುಗುತ್ತಲೇ ಇತ್ತು. ಗಾಳಿ ಮಾತ್ರ ಆ ಕಂಬಳಿಗೆ ಬಡಿದು ಅತ್ತಿತ್ತ ಹೋಗುತ್ತಿತ್ತು.

ಏಪ್ರಿಲ್‌ನಲ್ಲೇ ಯಾಕೆ ಗೊತ್ತಾಯಿತು ಅಂದರೆ, ಕೋಣೆಯ ಗಾಳಿಯ ಬಿಸಿ ಎಷ್ಟು ಡಿಗ್ರಿ ಏರುತ್ತದೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಪ್ರೊಸೆಸರಿನ ಬಿಸಿಯೂ ಏರುತ್ತದೆ. ಜನವರಿಯಲ್ಲಿ 24 ಡಿಗ್ರಿ ಇದ್ದ ಕೋಣೆ ಏಪ್ರಿಲ್ ಮಧ್ಯಾಹ್ನ 34 ಆದರೆ, 88ರಲ್ಲಿ ಹೇಗೋ ನಡೆಯುತ್ತಿದ್ದ ಪ್ರೊಸೆಸರ್ 98ಕ್ಕೆ ಹೋಗಿ ಮಿತಿ ಮುಟ್ಟುತ್ತದೆ. ಬೆಂಗಳೂರು ತಂಪಿನ ಊರು ಅಂತ ನಾವು ನಂಬಿಕೊಂಡಿದ್ದೇವೆ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಧೂಳಿಗಂತೂ ಬರವಿಲ್ಲ. ಮೆಟ್ರೋ ಕೆಲಸ, ಪೈಪಿಗೆ ಅಗೆದ ರಸ್ತೆ, ಪಕ್ಕದ ಸೈಟಿನಲ್ಲಿ ಏಳುವ ಮನೆ. ಕಿಟಕಿ ಹಾಕಿದ್ದರೂ ಸಂಜೆಯೊಳಗೆ ಟೇಬಲ್ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು. ಕ್ಯಾಬಿನೆಟ್ ನೆಲದ ಮೇಲಿದ್ದರೆ ಗುಡಿಸಿದ ಧೂಳೆಲ್ಲ ನೇರ ಅದರೊಳಕ್ಕೆ. ಒಂದಡಿ ಎತ್ತರದ ಸ್ಟೂಲಿನ ಮೇಲಿಟ್ಟರೂ ಬಹಳ ವ್ಯತ್ಯಾಸ ಕಾಣುತ್ತದೆ. ಒಗ್ಗರಣೆ ಹೊಗೆ ಬರುವ ಕಡೆ ಇಡಲೇಬೇಡಿ. ಎಣ್ಣೆ ಜಿಡ್ಡು ಹತ್ತಿದ ಧೂಳು ಊದಿದರೆ ಹೋಗುವುದಿಲ್ಲ.

ಲಗಾಮು ಬಿದ್ದಿದೆಯೋ ಇಲ್ಲವೋ ನೋಡುವುದು ಸುಲಭ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. "ಬೇಸ್ ಸ್ಪೀಡ್", ಅಂದರೆ ಪ್ರೊಸೆಸರಿನ ಮೂಲ ವೇಗ, ಅಂತ ಒಂದು ಸಂಖ್ಯೆ, ಈಗಿನ "ಸ್ಪೀಡ್" ಅಂತ ಇನ್ನೊಂದು. ಭಾರದ ಕೆಲಸ ನಡೆಯುವಾಗ ಸ್ಪೀಡು ಬೇಸಿಗಿಂತ ಕೆಳಗೇ ಉಳಿದರೆ ಅನುಮಾನ ಪಡಬೇಕು. ಎಚ್‌ಡಬ್ಲ್ಯೂಇನ್ಫೋ, ಕೋರ್ ಟೆಂಪ್ ತರಹದ ಉಚಿತ ತಂತ್ರಾಂಶದಲ್ಲಿ ತಾಪಮಾನವನ್ನೂ ನೋಡಿ. ಪ್ರೆಸ್ಸಿನ ಕಂಪ್ಯೂಟರಿನ ಬೇಸ್ 3.6 ಗಿಗಾಹರ್ಟ್ಸ್. ಓಡುತ್ತಿದ್ದದ್ದು 1.8ರಲ್ಲಿ, ಬಿಸಿ 99.

ಈಗ ಶುಚಿ ಮಾಡುವ ಮಾತು. ಇಲ್ಲಿ ಅವಸರ ಬೇಡ, ಯಾಕೆಂದರೆ ಧೂಳು ಮಾಡದ ಹಾನಿಯನ್ನು ತಪ್ಪಾಗಿ ಶುಚಿ ಮಾಡುವ ಕೈ ಮಾಡಬಲ್ಲದು.

ಕಂಪ್ಯೂಟರ್ ಶಟ್‌ಡೌನ್ ಮಾಡಿ, ಯುಪಿಎಸ್ ಆಫ್ ಮಾಡಿ, ಆಮೇಲೆ ಪವರ್ ಕೇಬಲ್ಲನ್ನೇ ಕಿತ್ತು ಹೊರಗಿಡಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಕಟ್ಟಡಗಳ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ಮೇಲೆ ಕೂತಿರುವುದುಂಟು. ಕೇಬಲ್ ತೆಗೆದ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿಯುತ್ತದೆ. ಹಿಂದಿನ ಕೇಬಲ್‌ಗಳ ಫೋಟೋ ತೆಗೆದುಕೊಳ್ಳಿ. ಡಬ್ಬವನ್ನು ಬಾಲ್ಕನಿಗೋ ಟೆರೇಸಿಗೋ ಒಯ್ದು, ಮಾಸ್ಕ್ ಹಾಕಿಕೊಂಡು, ಪಕ್ಕದ ಬಾಗಿಲು ತೆಗೆಯಿರಿ.

ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ಮಧ್ಯೆ ಮಧ್ಯೆ ಮತ್ತೆ ಮುಟ್ಟುತ್ತಿರಬೇಕು. ಇದನ್ನು ಜನ ಲಘುವಾಗಿ ತಗೊಳ್ತಾರೆ, ದಯವಿಟ್ಟು ತಗೋಬೇಡಿ. ಫೆಬ್ರವರಿ, ಮಾರ್ಚ್ ತಿಂಗಳ ಒಣ ಹವೆಯಲ್ಲಿ ಸಿಂಥೆಟಿಕ್ ಬಟ್ಟೆ ಬಿಚ್ಚುವಾಗ ಚಟಚಟ ಅನ್ನುತ್ತದಲ್ವಾ? ಬಾಗಿಲ ಹಿಡಿ ಮುಟ್ಟಿದರೆ ಚುರ್ ಅನ್ನುತ್ತದಲ್ವಾ? ಅದೇ ಸ್ಟ್ಯಾಟಿಕ್, ಅಂದರೆ ಸ್ಥಿರ ವಿದ್ಯುತ್ತು. ನಮಗೆ ಚುರ್ ಅಂತ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಸೂಕ್ಷ್ಮ ಚಿಪ್‌ಗಳು ಕೆಡಲು 100 ವೋಲ್ಟೂ ಬೇಡ. ಅಂದರೆ ನಿಮಗೆ ಏನೂ ಗೊತ್ತಾಗದೆಯೇ ಒಂದು ಭಾಗ ಸಾಯಬಹುದು. ಲೋಹ ಮುಟ್ಟಿದರೆ ನಿಮ್ಮ ಮೈಯೂ ಡಬ್ಬವೂ ಒಂದೇ ಮಟ್ಟಕ್ಕೆ ಬರುತ್ತವೆ, ಕಿಡಿ ಹಾರಲು ಕಾರಣವೇ ಇರುವುದಿಲ್ಲ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ ಅನ್ನುವುದೂ ಇದಕ್ಕೇ. ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಧೂಳು ಉಜ್ಜಿಕೊಂಡು ಹೋಗುವಾಗ ಸ್ಟ್ಯಾಟಿಕ್ ತುಂಬಿಕೊಳ್ಳುತ್ತದೆ.

ಬೇಕಾದ ಸಾಮಾನು ಎರಡೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದಿಂಚಿನ ಮೆತ್ತನೆ ಪೇಂಟಿಂಗ್ ಬ್ರಷ್, ಮತ್ತು ಎಲೆಕ್ಟ್ರಿಕ್ ಬ್ಲೋವರ್. ಟೌನ್ ಹಾಲ್ ಹಿಂದಿನ ಎಸ್.ಪಿ. ರೋಡಿನಲ್ಲಿ ಎರಡೂ ಸಿಗುತ್ತವೆ. ಮೊದಲು ಬ್ರಷ್‌ನಿಂದ ಸಡಿಲ ಮಾಡಿ, ಆಮೇಲೆ ಒಂದಡಿ ದೂರದಿಂದ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನನ್ನು ಒಂದು ಬೆರಳಿನಿಂದ ತಡೆದು ಹಿಡಿಯಲೇಬೇಕು. ಬಿಟ್ಟರೆ ಅದು ತನ್ನ ಮಿತಿ ಮೀರಿ ಗಿರಗಿರ ಸುತ್ತಿ ಬೇರಿಂಗ್ ಹಾಳಾಗುತ್ತದೆ. ಆ ಗಿರ್ರ್ ಸದ್ದು ಕೇಳಲು ಮಜಾ ಅನ್ನಿಸುತ್ತದೆ, ಆದರೂ ಬೇಡ. ಡಬ್ಬಿಯಲ್ಲಿ ಬರುವ ಕಂಪ್ರೆಸ್ಡ್ ಏರ್ ಬಳಸುವುದಾದರೆ ನೆಟ್ಟಗೆ ಹಿಡಿಯಿರಿ. ತಲೆಕೆಳಗಾದರೆ ಮಂಜಿನಷ್ಟು ತಣ್ಣಗಿನ ದ್ರವ ಬೋರ್ಡಿನ ಮೇಲೆ ಬೀಳುತ್ತದೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಬೋರ್ಡಿಗೆ ಒದ್ದೆ ಬಟ್ಟೆಯಂತೂ ಮುಟ್ಟಿಸಲೇಬೇಡಿ. ಅದು ಹೊರಗಿನ ಡಬ್ಬಕ್ಕೆ ಮಾತ್ರ.

ಎರಡು ಕಡೆ ಕೈ ತಡೆಯಬೇಕು. ಒಂದು, ಹಿಂದಿನ ಪವರ್ ಸಪ್ಲೈ, ನಮ್ಮವರು ಎಸ್‌ಎಂಪಿಎಸ್ ಅನ್ನುವ ಪೆಟ್ಟಿಗೆ. ಅದನ್ನು ಬಿಚ್ಚಬೇಡಿ. ನಮ್ಮ 230 ವೋಲ್ಟ್ ಕರೆಂಟು ಅದರೊಳಗೆ ಡಿಸಿ ಆಗಿ 300 ವೋಲ್ಟಿಗೂ ಮೇಲೆ ಏರಿ ಕೆಪ್ಯಾಸಿಟರ್‌ಗಳಲ್ಲಿ ಕೂತಿರುತ್ತದೆ. ಕೇಬಲ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಬಹುದು. ಹೊರಗಿನಿಂದ ಜಾಲರಿಯ ಮೂಲಕ ಗಾಳಿ ಊದಿದರೆ ಸಾಕು. ಇನ್ನೊಂದು, ಹೀಟ್‌ಸಿಂಕ್. ಮೇಲಿನ ಫ್ಯಾನ್ ಬೇರೆಯಾಗಿ ಬಿಚ್ಚುವಂತಿದ್ದರೆ ತೆಗೆಯಿರಿ, ಹೀಟ್‌ಸಿಂಕನ್ನು ಅಲುಗಾಡಿಸಬೇಡಿ. ಅದಕ್ಕೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸುವ ಲೇಪ, ಥರ್ಮಲ್ ಪೇಸ್ಟ್, ಇದೆ. ಒಮ್ಮೆ ಎತ್ತಿದರೆ ಹಳೆಯದನ್ನು ಪೂರ್ತಿ ಒರೆಸಿ ಹೊಸ ಪೇಸ್ಟ್ ಹಚ್ಚಲೇಬೇಕು. ಎಎಂಡಿಯ ಎಎಂ4 ಮಾದರಿಯ ಪ್ರೊಸೆಸರ್ ಕೂರುವ ಬೋರ್ಡುಗಳಲ್ಲಿ ಒಣಗಿದ ಪೇಸ್ಟ್ ಹಿಡಿದುಕೊಂಡು ಪ್ರೊಸೆಸರೇ ಕಿತ್ತು ಮೇಲೆ ಬಂದು, ಪಿನ್ ಬಾಗುವುದೂ ಉಂಟು.

ಶುಚಿ ಮಾಡಿದ ಮೇಲೂ ಬಿಸಿ ಇಳಿಯದಿದ್ದರೆ ಪೇಸ್ಟ್ ಒಣಗಿರಬಹುದು, ಇಲ್ಲವೇ ಫ್ಯಾನ್ ಸೋತಿರಬಹುದು. ಅದನ್ನು ಗೊತ್ತಿದ್ದವರ ಕೈಗೆ ಕೊಡಿ.

ಪ್ರೆಸ್ಸಿನ ಕಂಪ್ಯೂಟರಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಬಾಗಿಲು ಮುಚ್ಚಿ, ಕೇಬಲ್ ಸಿಕ್ಕಿಸಿ, ಅದೇ ಲಗ್ನಪತ್ರಿಕೆ ಫೈಲ್ ತೆರೆಯಿಸಿದೆ. ಬಿಸಿ 68 ಡಿಗ್ರಿಯಲ್ಲಿ ನಿಂತಿತು. ಸ್ಪೀಡು 3.6ರಿಂದ ಕೆಳಗೆ ಇಳಿಯಲಿಲ್ಲ. ಅಕ್ಕ ಗಣೇಶನ ಚಿತ್ರವನ್ನು ಹಿಡಿದು ಪುಟದ ಈ ತುದಿಯಿಂದ ಆ ತುದಿಗೆ ಎರಡು ಸಲ ಎಳೆದು ನೋಡಿದರು. ಕೈಯ ಹಿಂದೆಯೇ ಬಂತು. "ಹೊಸ ಸಿಸ್ಟಮ್ ಬೇಡ ಹಾಗಾದ್ರೆ" ಅಂದರು.

ಎಷ್ಟು ದಿನಕ್ಕೊಮ್ಮೆ ಮಾಡಬೇಕು ಅಂತ ಅವರು ಕೇಳಿದಾಗ ನಾನು ಎರಡು ಹಬ್ಬ ಹೇಳಿದೆ. ಯುಗಾದಿಗೆ ಮುಂಚೆ ಒಮ್ಮೆ, ಬೇಸಿಗೆಯ ಕಾವು ಏರುವುದರೊಳಗೆ. ಆಯುಧಪೂಜೆಗೆ ಇನ್ನೊಮ್ಮೆ. ಎರಡರ ನಡುವೆ ಸುಮಾರು ಆರು ತಿಂಗಳು, ಪ್ರೆಸ್ಸಿನಂಥ ಜಾಗಕ್ಕೆ ಸರಿಹೋಗುತ್ತದೆ. ಮನೆಯದಾದರೆ ಆಯುಧಪೂಜೆಯ ಒಂದು ಸಲ ಸಾಕು. ಆ ದಿನ ಹೇಗೂ ಕಂಪ್ಯೂಟರ್ ಒರೆಸಿ, ಹೂವಿಟ್ಟು, ಪೂಜೆ ಮಾಡುತ್ತೇವೆ. ಅರಿಶಿನ ಕುಂಕುಮವನ್ನು ಮಾತ್ರ ಸ್ವಲ್ಪ ನೀರಿನಲ್ಲಿ ಕಲಸಿ ಪಕ್ಕದ ಬಾಗಿಲಿಗೆ ಹಚ್ಚಿ. ಗಾಳಿ ಎಳೆದುಕೊಳ್ಳುವ ಮುಂದಿನ ಜಾಲರಿಯ ಮೇಲೆ ಪುಡಿ ಬೇಡ, ಹೂವಿನ ಹಾರವೂ ಬೇಡ.