ಸಿಂಹಗಡದ ತುದಿಯ ಚಳಿ ರಾತ್ರಿ ಕೆಳಗಿಳಿದು ಬರುತ್ತದಾ?

ಚಳಿಗಾಲ ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಈ ಸಲ ಕೇಳಿದವರು ಪುಣೆಯಲ್ಲಿ, ಸಿಂಹಗಡ ಕೋಟೆಯ ಬೆಟ್ಟದ ಕಡೆಗಿರುವ ಧಾಯರಿಯ ಓದುಗರು: "ರಾತ್ರಿ ಸಿಂಹಗಡದ ಮೇಲಿನ ಚಳಿಯೇ ಜಾರಿಕೊಂಡು ನಮ್ಮ ಕಡೆ ಬರುತ್ತದಂತೆ, ಹೌದಾ? ಹಾಗಿದ್ದರೆ ಮೊಬೈಲ್ ಆ್ಯಪ್‌ನಲ್ಲಿ ಆ ಗಾಳಿ ಯಾಕೆ ಕಾಣುವುದಿಲ್ಲ?"

ಗಾಳಿ ಇಳಿಯುವುದು ನಿಜ. ತುದಿಯ ಚಳಿ ಇಳಿಯುತ್ತದೆ ಅನ್ನುವುದು ಸುಳ್ಳು. ಎಷ್ಟು ಸಲ ಹೇಳಿದರೂ ಈ ಮಾತು ಸಾಯುತ್ತಿಲ್ಲ. ಹಾಗಾಗಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಸಿಂಹಗಡದ ಎತ್ತರ ಸುಮಾರು 1300 ಮೀಟರ್, ಪುಣೆಯದು ಸುಮಾರು 560. ಒಣ ಗಾಳಿ ಕೆಳಗಿಳಿಯುತ್ತಾ ಹೋದಂತೆ ಒತ್ತಡ ಹೆಚ್ಚಿ ಕುಗ್ಗುತ್ತದೆ, ಕುಗ್ಗಿದಾಗ ಬಿಸಿಯಾಗುತ್ತದೆ. ಪ್ರತಿ 100 ಮೀಟರಿಗೆ ಹತ್ತಿರ ಹತ್ತಿರ 1 ಡಿಗ್ರಿ. ಗಡದ ಮೇಲೆ 14 ಡಿಗ್ರಿ ಇದೆ ಅಂದುಕೊಳ್ಳಿ. ಆ ಗಾಳಿ ಹಾಗೇ ಕೆಳಗೆ ಬಂದರೆ 21 ಡಿಗ್ರಿ ಆಗಿರುತ್ತದೆ! ಜನವರಿಯ ಬೆಳಗಿನ ಜಾವ ಅದನ್ನು ಚಳಿ ಅನ್ನುತ್ತೀರಾ? ಇನ್ನೂ ಒಂದು ಮಾತು. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಗಳಲ್ಲಿ ಎಷ್ಟೋ ಸಲ ತುದಿಗಿಂತ ತಪ್ಪಲೇ ಜಾಸ್ತಿ ತಣ್ಣಗಿರುತ್ತದೆ. ತನ್ನಲ್ಲಿ ಇಲ್ಲದ ಚಳಿಯನ್ನು ತುದಿ ಎಲ್ಲಿಂದ ಕಳಿಸೀತು?

ಚಳಿ ಹುಟ್ಟುವುದು ಇಳಿಜಾರಿನ ಮೈಮೇಲೆ. ಹೊತ್ತು ಮುಳುಗಿದ ಮೇಲೆ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ಇಲ್ಲಿ ಹೋಲಿಸಬೇಕಾದ್ದು ಮೇಲಿನದನ್ನು ಕೆಳಗಿನದಕ್ಕಲ್ಲ, ಒಂದೇ ಎತ್ತರದ ಅಕ್ಕಪಕ್ಕದ ಗಾಳಿಯನ್ನು. ಇಳಿಜಾರಿಗೆ ಅಂಟಿದ ಗಾಳಿ, ಅದೇ ಎತ್ತರದಲ್ಲಿ ಕಣಿವೆಯ ನಡುವೆ ಇರುವ ಗಾಳಿಗಿಂತ ತಣ್ಣಗೆ. ಆದ್ದರಿಂದ ಭಾರ, ಆದ್ದರಿಂದ ಜಾರುತ್ತದೆ. ಜಾರುವಾಗ ಹುಟ್ಟುವ ಬಿಸಿಯನ್ನು ದಾರಿಯುದ್ದಕ್ಕೂ ತಣ್ಣನೆಯ ನೆಲ ಎಳೆದುಕೊಳ್ಳುತ್ತಲೇ ಇರುತ್ತದೆ. ಹಗಲಿನಲ್ಲಿ ಎಲ್ಲ ತಿರುಗುಮುರುಗು, ಗಾಳಿ ಮೇಲೇರುತ್ತದೆ. ಜರ್ಮನಿಯ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ 1942ರಲ್ಲೇ ಇದಕ್ಕೊಂದು ಸರಳ, ಚೆಂದದ ಲೆಕ್ಕ ಕೊಟ್ಟಿದ್ದಾರೆ.

ನಂಬಿಕೆ ಬರದಿದ್ದರೆ ಜನವರಿಯಲ್ಲಿ ಒಂದು ದಿನ ಬಿಸಿಲೇಳುವ ಮೊದಲು ಪುಣೆಯೊಳಗಿನ ಗುಡ್ಡ ವೇತಾಳ ಟೇಕಡಿಗೆ ಹೋಗಿ. ಪೂರ್ವದ ಇಳಿಜಾರಿನಲ್ಲಿ, ಹುಲ್ಲಿಲ್ಲದ ಜಾಗದಲ್ಲಿ ಒಂದು ಊದುಬತ್ತಿ ಹಚ್ಚಿ ಮೊಣಕಾಲೆತ್ತರಕ್ಕೆ ಹಿಡಿಯಿರಿ. ಹೊಗೆ ಗೇಣುದ್ದ ಎದ್ದು ತಗ್ಗಿನ ಕಡೆ ಬಾಗುತ್ತದೆ. ಬಿಸಿಲು ಬಿದ್ದು ಸ್ವಲ್ಪ ಹೊತ್ತಾಗಲಿ. ಹೊಗೆ ಮೊದಲು ಅತ್ತಿತ್ತ ತೂಗಾಡುತ್ತದೆ, ಆಮೇಲೆ ದಿಣ್ಣೆಯ ಕಡೆ ತಿರುಗುತ್ತದೆ.

ಇನ್ನು ಆ್ಯಪ್ ವಿಷಯ. ಸಣ್ಣ ಗುಡ್ಡಗಳಲ್ಲಿ ಈ ಗಾಳಿಯ ಪದರ ಕೆಲವೇ ಮೀಟರ್ ದಪ್ಪ, ಹೆಚ್ಚೆಂದರೆ ಕೆಲವು ಹತ್ತು ಮೀಟರ್. ಹವಾಮಾನ ಕೇಂದ್ರಗಳು ಗಾಳಿ ಅಳೆಯುವುದು 10 ಮೀಟರ್ ಎತ್ತರದಲ್ಲಿ. ಈ ಇಳಿಗಾಳಿಯ ಜೋರು ಎಷ್ಟೋ ಸಲ ಅದಕ್ಕಿಂತ ಕೆಳಗೇ ಇರುತ್ತದೆ. ಅದಕ್ಕೇ ಸಂಶೋಧಕರು ಒಂದೇ ಕಂಬಕ್ಕೆ ಹಲವು ಎತ್ತರದಲ್ಲಿ ಶಬ್ದದ ಅಲೆಯಿಂದ ಗಾಳಿ ಅಳೆಯುವ ಅಲ್ಟ್ರಾಸಾನಿಕ್ ಮಾಪಕ ಕಟ್ಟುತ್ತಾರೆ. ಆ್ಯಪ್‌ಗಳಿಗೆ ಮುನ್ಸೂಚನೆ ಲೆಕ್ಕ ಹಾಕಿಕೊಡುವ ಕಂಪ್ಯೂಟರ್ ಮಾಡೆಲ್‌ಗಳಿಗೂ ಇದು ಕಷ್ಟವೇ. ನಮ್ಮ ಪಾಷಾಣ್‌ನ ಉಷ್ಣವಲಯ ಹವಾಮಾನ ಸಂಸ್ಥೆ (ಐಐಟಿಎಂ) ರೂಪಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಎಂಬ ಮಾಡೆಲ್ 2025ರ ಮೇನಲ್ಲಿ ಬಂತು. ಮಾಡೆಲ್ ನೆಲವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ. ಇದರ ಚೌಕ 6 ಕಿಲೋಮೀಟರಿನದು, ಹಿಂದೆ 12 ಇತ್ತು. ಹೆಮ್ಮೆಪಡುವ ಕೆಲಸ. ಆದರೆ ಒಂದು ಚೌಕಕ್ಕೆ ಒಂದೇ ಸರಾಸರಿ ಎತ್ತರ. ವೇತಾಳ ಟೇಕಡಿಯಂಥ ಗುಡ್ಡ ಅದರೊಳಗೆ ಕರಗಿಹೋಗುತ್ತದೆ. ಸುಮ್ನೆ ಚೌಕ ಚಿಕ್ಕದು ಮಾಡಿದರೂ ಸಾಲದು. ನೆಲದ ಹತ್ತಿರದ ಗಾಳಿಗೆ ಹೆಚ್ಚಿನ ಮಾಡೆಲ್‌ಗಳು ಬಳಸುವುದು 1954ರ ಮೋನಿನ್–ಒಬುಖೋವ್ ಸೂತ್ರಗಳನ್ನು. ಅವು ಹುಟ್ಟಿದ್ದು ಸಪಾಟು ನೆಲಕ್ಕಾಗಿ. ಇಳಿಜಾರಿನಲ್ಲಿ ಎಡವುತ್ತವೆ.

ಇಷ್ಟು ಕೇಳುವವರು ಏಪ್ರಿಲ್ ಸಂಜೆಯ ತಂಗಾಳಿಯ ಬಗ್ಗೆ ಯಾಕೆ ಕೇಳುವುದಿಲ್ಲವೋ! ಅದನ್ನೂ ಜನ ಸಹ್ಯಾದ್ರಿಯ ತಂಪು ಅಂದುಕೊಂಡಿದ್ದಾರೆ. ಅದು ಕೊಂಕಣದಿಂದ ಬಂದ ಸಮುದ್ರದ ಗಾಳಿ. ಹಗಲೆಲ್ಲ ಕಾದ ಘಟ್ಟದ ಮೈ ಮತ್ತು ದಖ್ಖನ್ ನೆಲ ಅದನ್ನು ಮೇಲಕ್ಕೆ ಎಳೆಯುತ್ತವೆ. ಕರಾವಳಿಯಿಂದ ಸುಮಾರು 100 ಕಿಲೋಮೀಟರ್ ದಾಟಿ ಸಂಜೆಗೆ ಅದು ಪುಣೆ ಮುಟ್ಟುತ್ತದೆ. ಪಶ್ಚಿಮದ ಗಾಳಿ ಬೀಸಿದೊಡನೆ ಸೆಕೆ ಇಳಿದು ತೇವಾಂಶ ಏರಿದರೆ ಬಂದದ್ದು ಅದೇ ಅಂತ ತಿಳಿಯಿರಿ. ಅದು ಜೋರಾಗಿ ಬೀಸುವಷ್ಟು ಹೊತ್ತು ಗುಡ್ಡದ ಇಳಿಗಾಳಿ ತಲೆಯೆತ್ತುವುದಿಲ್ಲ.